ಹಲಗಲಿ ಗುಡ್ಡದ ಸುತ್ತ ಒಂದು ಸೈಕಲ್ ಸುತ್ತು

ಹಲಗಲಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಶಾಲೆಯ ಕನ್ನಡ ಪುಸ್ತಕದ ಲಾವಣಿ. ಕವಿ ಪರಿಚಯ, ಪದಗಳ ಅರ್ಥ, ಸಂದರ್ಭ ಸಹಿತ ವಿವರಿಸಿ, ಮೂರು ಅಂಕ. ಅಲ್ಲಿಗೆ ಹಲಗಲಿ ಮುಗೀತು. ಅದು ಒಂದು ಊರು, ಈಗಲೂ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿದೆ, ಅಲ್ಲಿಗೆ ರಸ್ತೆ ಇದೆ, ಹೋಗಿ ನೋಡಬಹುದು ಅನ್ನೋ ಮಾತನ್ನು ನಮಗೆ ಯಾರೂ ಹೇಳಲಿಲ್ಲ. ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯಲ್ಲಿ. ಹಲಗಲಿ ಅಲ್ಲಿಂದ ಸೈಕಲ್ ತುಳಿದು ಹೋಗುವಷ್ಟು ಹತ್ತಿರ. ಆದರೂ ಅದನ್ನು ನೋಡಿದ್ದು ಬೆಂಗಳೂರು ಸೇರಿ, ಸಾಫ್ಟ್‌ವೇರ್ ಕೆಲಸ ಹಿಡಿದು, ಸಂಬಳದಲ್ಲಿ ಒಂದು ಮೌಂಟನ್ ಬೈಕ್ ಕೊಂಡ ಮೇಲೆ :-)

ಲಾವಣಿ ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಇತ್ತು. ಬೇಡರು ಅಂದರೆ ಗುಡ್ಡ-ಗಿಡಗಳಲ್ಲಿ ಬೇಟೆಯಾಡಿ ಬದುಕಿದ ಜನ. ಮಗ್ಗುಲಲ್ಲೇ ಅಷ್ಟು ದೊಡ್ಡ ಗುಡ್ಡ ಇಟ್ಟುಕೊಂಡು ಅವರು ಊರೊಳಗೆ ಯಾಕೆ ಸಿಕ್ಕಿಬಿದ್ದರು? ಇದಕ್ಕೆ ನನಗೆ ತೋಚಿದ ಉತ್ತರ ಪುಸ್ತಕದಿಂದ ಬಂದಿದ್ದಲ್ಲ, ಕಾಲಿನಿಂದ ಬಂದಿದ್ದು. ಅದನ್ನು ಹೇಳೋಕೆ ಈ ಬರಹ.

ಮೊದಲು ಸುತ್ತಿನ ಬಗ್ಗೆ ಹೇಳಿಬಿಡ್ತೀನಿ. ರಬಕವಿ-ಬನಹಟ್ಟಿಯಿಂದ ಹೊರಟು ಜಮಖಂಡಿ, ಅಲ್ಲಿಂದ ಬೀಳಗಿ, ಬೀಳಗಿಯಿಂದ ಯಡಹಳ್ಳಿ ಕಡೆಯ ಗುಡ್ಡದ ಅಂಚು ಹಿಡಿದು ಹಲಗಲಿ, ಆಮೇಲೆ ಮುಧೋಳ, ಮಹಾಲಿಂಗಪುರ, ಮತ್ತೆ ರಬಕವಿ. ಒಟ್ಟು ನೂರು ಕಿಲೋಮೀಟರ್ ಮೀರುತ್ತೆ. ಪಶ್ಚಿಮ ಘಟ್ಟದಂಥ ಏರು ಇಲ್ಲ, ಆದರೆ ನೆರಳೂ ಇಲ್ಲ. ಕಷ್ಟದ ಲೆಕ್ಕದಲ್ಲಿ ಮಧ್ಯಮ ಅನ್ನಬಹುದು. ಪುರುಸೊತ್ತು ಇದ್ದರೆ ಎರಡು ದಿನ ಮಾಡಿಕೊಂಡು ಬೀಳಗಿಯಲ್ಲಿ ಉಳಿಯೋದು ಒಳ್ಳೇದು.

ನಕ್ಷೆಯಲ್ಲಿ ನೋಡಿದರೆ ಈ ಜಾಗ ಎರಡು ಹೊಳೆಗಳ ನಡುವಿನ ಒಂದು ಮೂಲೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡೂ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಸೇರುತ್ತವೆ. (ಕೂಡಲಸಂಗಮ ಬೇರೆ, ಅಲ್ಲಿ ಕೃಷ್ಣೆಗೆ ಸೇರುವುದು ಮಲಪ್ರಭೆ.) ಎರಡೂ ಹೊಳೆಗಳ ದಂಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. ಸುಗ್ಗಿಯಲ್ಲಿ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಧೂಳು ತಿನ್ನಬೇಕು. ಆದರೆ ನಡುವಿನ ಗುಡ್ಡಕ್ಕೆ ಈ ನೀರು ಏರಿಲ್ಲ. ಹೊಳೆಯಿಂದ ಒಂದಿಷ್ಟು ದೂರ ತುಳಿದರೆ ಸಾಕು, ಹಸಿರು ಕತ್ತರಿಸಿ ಇಟ್ಟ ಹಾಗೆ ನಿಂತುಹೋಗುತ್ತೆ. ಮುಂದೆ ಕೆಂಪು ಕಲ್ಲು, ಒಣ ಹುಲ್ಲು, ಕುರುಚಲು ಗಿಡ, ಮಳೆ ನಿಂತ ಮೇಲೆ ಬರೀ ಮರಳು ಉಳಿಯುವ ಹಳ್ಳಗಳು.

ಆ ಕಲ್ಲಿನ ಬಗ್ಗೆ ಎರಡು ಮಾತು. ಭೂವಿಜ್ಞಾನಿಗಳು ಈ ಸೀಮೆಯ ಶಿಲೆಗಳನ್ನು ಕಲಾದಗಿ ಶಿಲೆಗಳು ಅಂತಲೇ ಕರೆಯುತ್ತಾರೆ. ನಮ್ಮ ಪಕ್ಕದ ಕಲಾದಗಿಯ ಹೆಸರೇ ಅದು. ಬಹಳ ಹಳೆಯ ಕಾಲದಲ್ಲಿ ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಕ್ವಾರ್ಟ್ಜೈಟ್ ಆಗಿದೆ, ಜೊತೆಗೆ ಸುಣ್ಣದ ಕಲ್ಲಿನ ಪದರುಗಳೂ ಇವೆ. ರಾಬರ್ಟ್ ಬ್ರೂಸ್ ಫೂಟ್ ಈ ಇಡೀ ಸೀಮೆಯನ್ನು ಸುತ್ತಿ ಬರೆದ ವರದಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1876ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಹಳೆ ಶಿಲಾಯುಗದ ಆಯುಧಗಳನ್ನು ಮೊದಲು ಗುರುತಿಸಿದ ಅದೇ ಫೂಟ್. ಕ್ವಾರ್ಟ್ಜೈಟ್ ಒಡೆದರೆ ಅಂಚು ಚೂಪಾಗುತ್ತೆ. ಆದಿಮಾನವ ಅದರಿಂದ ಕೈಗೊಡಲಿ ಮಾಡಿಕೊಂಡ, ನಮಗೆ ಅದು ಟಯರ್ ಸೀಳುತ್ತೆ. ಕಲ್ಲು ಬಿಟ್ಟದ್ದನ್ನು ಬಳ್ಳಾರಿ ಜಾಲಿಯ ಮುಳ್ಳು ನೋಡಿಕೊಳ್ಳುತ್ತೆ. ಎರಡು ಟ್ಯೂಬ್ ಜಾಸ್ತಿ ಇಟ್ಟುಕೊಳ್ಳಿ.

ಗುಡ್ಡದ ಅಂಚಿನ ದಾರಿಯಲ್ಲಿ ಒಂದು ಏರಿನಲ್ಲಿ ನಾನು ಇಳಿದು ಸೈಕಲ್ ತಳ್ಳುತ್ತಿದ್ದೆ. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ನೋಡಿ ಕೇಳಿದರು, "ತಮ್ಮಾ, ಸೈಕಲ್ ತುಳ್ಯಾಕ ತಂದೀಯೋ, ಹೊತ್ಕೊಂಡ್ ಹೋಗಾಕ ತಂದೀಯೋ?" ನಾನು ನಕ್ಕು, "ಕಲ್ಲು ಭಾಳ ಅದಾವ್ ಅಜ್ಜಾ" ಅಂದೆ. ಅದಕ್ಕೆ ಅವರು, "ಇಲ್ಲಿ ಕುದುರಿನೂ ಓಡಂಗಿಲ್ಲ, ನಿನ್ನ ಸೈಕಲ್ ಏನ್ ಓಡ್ತೈತಿ" ಅಂದರು. ತಮಾಷೆಗೆ ಅಂದ ಮಾತು. ಆದರೆ ನನ್ನ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇತ್ತು.

ಈಗ 1857ಕ್ಕೆ ಹೋಗೋಣ.

ಇವತ್ತು ಈ ಸುತ್ತು ಪೂರ್ತಿ ಒಂದೇ ಜಿಲ್ಲೆ. ಆಗ ಇದೇ ಸುತ್ತಿನಲ್ಲಿ ನಾಲ್ಕು ಸರ್ಕಾರಗಳು. ರಬಕವಿ ಸಾಂಗ್ಲಿ ಸಂಸ್ಥಾನದ್ದು. ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಸಾಂಗ್ಲಿ, ಜಮಖಂಡಿ ಎರಡೂ ಪಟವರ್ಧನರ ಮನೆತನದವು. ಮುಧೋಳ ಘೋರ್ಪಡೆಯವರದು. ಬೀಳಗಿ, ಕಲಾದಗಿ ನೇರವಾಗಿ ಕಂಪನಿ ಸರ್ಕಾರದ್ದು. ಮುಂದಿನ ಕಾಲದ ಗೆಜೆಟಿಯರ್ ಲೆಕ್ಕದಂತೆ ಜಮಖಂಡಿ ಸಂಸ್ಥಾನ 524 ಚದರ ಮೈಲಿ, ಮುಧೋಳ 368 ಚದರ ಮೈಲಿ. ಎರಡೂ ಸಣ್ಣವೇ. ಬೆಳಿಗ್ಗೆ ಒಬ್ಬ ರಾಜನ ಊರಲ್ಲಿ ಚಹಾ ಕುಡಿದು, ಮಧ್ಯಾಹ್ನ ಇನ್ನೊಬ್ಬನ ಊರಲ್ಲಿ ರೊಟ್ಟಿ ತಿನ್ನಬಹುದು. ಇಂಥ ಸೀಮೆಯಲ್ಲಿ ಸರಹದ್ದುಗಳು ಕಾಗದದ ಮೇಲಿದ್ದವು. ಗುಡ್ಡದ ಕಾಲುದಾರಿಗಳಿಗೆ ಅವುಗಳ ಲೆಕ್ಕ ಇರಲಿಲ್ಲ.

ಹಲಗಲಿ ಮುಧೋಳ ಸಂಸ್ಥಾನದ ಊರು. ಅಲ್ಲಿನ ಬೇಡರ ಮನೆಯಲ್ಲಿ ಹತಾರ ಅಂದರೆ ನಮ್ಮ ಮನೆಯಲ್ಲಿ ಮಗ್ಗ ಇದ್ದ ಹಾಗೆ. ಬೇಟೆಗೆ ಅದು, ಕಾವಲಿಗೆ ಅದು, ಮರ್ಯಾದೆಗೂ ಅದು. ಉತ್ತರ ಹಿಂದೂಸ್ತಾನದಲ್ಲಿ ದಂಗೆ ಎದ್ದ ಮೇಲೆ ಕಂಪನಿ ಸರ್ಕಾರ 1857ರ ಸೆಪ್ಟೆಂಬರಿನಲ್ಲಿ ಹತಾರಗಳ ಮೇಲೆ ಕಾಯಿದೆ ತಂದಿತು. ಅನುಮತಿ ಇಲ್ಲದೆ ಹತಾರ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ತಂದು ಒಪ್ಪಿಸಬೇಕು. ಸಂಸ್ಥಾನಗಳ ಮೇಲೂ ಒತ್ತಡ ಬಂತು. ರಾಜರಿಗೆ ಇದು ಆಡಳಿತದ ಒಂದು ಕಾಗದ. ಹಲಗಲಿಗೆ ಅದು ಹೊಟ್ಟೆಯ ಮಾತು. ಹತಾರ ಕೊಟ್ಟ ಮೇಲೆ ಬೇಡ ಏನು ಮಾಡಬೇಕು ಅನ್ನೋದಕ್ಕೆ ಆ ಕಾಯಿದೆಯಲ್ಲಿ ಉತ್ತರ ಇರಲಿಲ್ಲ.

ನವೆಂಬರ್ ನಡುವಿನ ಹೊತ್ತಿಗೆ ಸುತ್ತಲಿನ ಬೇಡರೂ ಬಂದು ಸೇರಿ ಹಲಗಲಿಯಲ್ಲಿ ಐದುನೂರರ ಹತ್ತಿರ ಜನ ಆದರು. ಹತಾರ ಕೊಡೋದಿಲ್ಲ ಅಂತ ತೀರ್ಮಾನ ಆಯ್ತು. ಲಾವಣಿಯಲ್ಲಿ ಬರುವ ಹೆಸರುಗಳು ಜಡಗ, ಬಾಲ, ಹನುಮ, ರಾಮ. ಮುಧೋಳದಿಂದ ಬಂದು ಬುದ್ಧಿ ಹೇಳಿದ್ದು ನಡೆಯಲಿಲ್ಲ. ಕೊನೆಗೆ ಕಲಾದಗಿಯ ದಂಡಿಗೆ ಹೇಳಿಕಳಿಸಿದರು.

ಕಲಾದಗಿ ಅಂದರೆ ನಮಗೀಗ ದಾಳಿಂಬೆ, ಚಿಕ್ಕು. ಆಗ ಅದು ಘಟಪ್ರಭೆಯ ದಕ್ಷಿಣ ದಂಡೆಯ ಮೇಲಿನ ಸೈನಿಕ ಠಾಣೆ. ಮುಂದೆ ಕೆಲಕಾಲ ಜಿಲ್ಲಾ ಕೇಂದ್ರವೂ ಆಗಿತ್ತು, 1880ರ ದಶಕದಲ್ಲಿ ಆ ಪಟ್ಟ ವಿಜಾಪುರಕ್ಕೆ ಹೋಯಿತು. ಅಲ್ಲಿದ್ದ ಮುಖ್ಯ ಪಡೆ ಸದರ್ನ್ ಮರಾಠಾ ಹಾರ್ಸ್ ಅನ್ನೋ ಕುದುರೆ ದಂಡು. ನವೆಂಬರ್ 29ರಂದು ದಂಡು ಹಲಗಲಿ ಮುಟ್ಟಿತು. ಮರುದಿನ ಊರಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು, ಮುನ್ನೂರರ ಹತ್ತಿರ ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 14ರಂದು ಹಲಗಲಿಯಲ್ಲೇ ಇನ್ನೂ 6 ಜನರನ್ನು. ಒಟ್ಟು 19. ಹತಾರ ಕೊಡಲ್ಲ ಅಂದ ದಿನದಿಂದ ಕೊನೆಯ ಗಲ್ಲಿನ ತನಕ ಒಂದೇ ತಿಂಗಳು.

ಈಗ ನನ್ನ ಪ್ರಶ್ನೆ. ಗುಡ್ಡ ಯಾಕೆ ಕಾಪಾಡಲಿಲ್ಲ?

ಆ ಅಜ್ಜ ಹೇಳಿದ್ದು ನಿಜ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಕುದುರೆಯ ಓಟ ಸಾಗೋದಿಲ್ಲ. ಸೈಕಲ್ ತುಳಿಯುವವನಿಗೆ ಇದು ಚೆನ್ನಾಗಿ ಗೊತ್ತಾಗುತ್ತೆ. ಚಕ್ರಕ್ಕೆ ಏನು ಬೇಕೋ ಗೊರಸಿಗೂ ಹೆಚ್ಚು ಕಡಿಮೆ ಅದೇ ಬೇಕು, ಕಾಲೂರಲು ಗಟ್ಟಿ ನೆಲ ಮತ್ತು ವೇಗಕ್ಕೆ ಒಂದಿಷ್ಟು ಬಯಲು. ಗುಡ್ಡದೊಳಗೆ ಎರಡೂ ಸಿಗಲ್ಲ. ಅಲ್ಲಿ ಬರಿಗಾಲಿನ ಬೇಡನೇ ರಾಜ. ಆದರೆ ಊರು ಇರೋದು ಗುಡ್ಡದ ಮೇಲಲ್ಲ, ಮಗ್ಗುಲಲ್ಲಿ. ಬಾವಿ, ಹೊಲ, ಕಣ, ದನದ ಕೊಟ್ಟಿಗೆ ಎಲ್ಲಿದೆಯೋ ಅಲ್ಲಿ. ಹೊಲ ಮಾಡೋಕೆ ಯಾವ ಮಟ್ಟಸವಾದ ನೆಲ ಬೇಕೋ, ಕುದುರೆ ಓಡೋಕೂ ಅದೇ ಸಾಕು. ಗಂಡಸರು ಗುಡ್ಡ ಹತ್ತಬಹುದಿತ್ತು. ಹೆಂಗಸರು, ಮಕ್ಕಳು, ಮುದುಕರು, ಅಡಕಲ ಗಡಿಗೆಯ ಜೋಳ, ಕಟ್ಟಿದ ಎಮ್ಮೆ, ಇವನ್ನೆಲ್ಲ ಹೊತ್ತು ನವೆಂಬರಿನ ಒಣ ಗುಡ್ಡದಲ್ಲಿ ಎಷ್ಟು ದಿನ? ನಾನು ಮೂರು ಬಾಟಲಿ ನೀರು ತಗೊಂಡು ಹೋಗಿದ್ದೆ, ಮಧ್ಯಾಹ್ನಕ್ಕೇ ಖಾಲಿ. ನೀರಿಲ್ಲದ ಗುಡ್ಡ ಒಂದು ರಾತ್ರಿ ಬಚ್ಚಿಟ್ಟುಕೊಳ್ಳೋಕೆ ಸರಿ, ಒಂದು ಊರನ್ನು ಸಾಕೋಕೆ ಆಗಲ್ಲ.

ಹೀಗೆ ನೋಡಿದರೆ ಬೆಂಕಿ ಹಚ್ಚಿದ್ದು ಬರೀ ಸಿಟ್ಟಿನ ಕೆಲಸ ಅನಿಸೋದಿಲ್ಲ. ಗುಡ್ಡದೊಳಗೆ ಬೇಡರನ್ನು ಹಿಡಿಯೋದು ಕುದುರೆ ದಂಡಿಗೆ ಕಷ್ಟ. ಊರನ್ನು ಹಿಡಿದರೆ ಸಾಕಿತ್ತು. ಲಾವಣಿ ಕಟ್ಟಿದವನಿಗೆ ಇದು ಗೊತ್ತಿತ್ತು ಅನಿಸುತ್ತೆ. ಯುದ್ಧದ ವರ್ಣನೆ ಆದ ಮೇಲೆ ಅವನು ಲೂಟಿಯಾದ ಸಾಮಾನಿನ ಪಟ್ಟಿ ಕೊಡುತ್ತಾನೆ. ಕಬ್ಬಿಣದ ಸಾಮಾನಿನಿಂದ ಹಿಡಿದು ಅಡಿಗೆಮನೆಯ ಉಪ್ಪು, ಬೆಲ್ಲದ ತನಕ. ಶಾಲೆಯಲ್ಲಿ ಓದುವಾಗ ವೀರರ ಹಾಡಿನಲ್ಲಿ ಈ ಕಿರಾಣಿ ಪಟ್ಟಿ ಯಾಕೆ ಅಂತ ನಗು ಬಂದಿತ್ತು. ಹಲಗಲಿ ನೋಡಿದ ಮೇಲೆ ಆ ಪಟ್ಟಿಯೇ ಇಡೀ ಹಾಡಿನ ಜೀವ ಅನಿಸ್ತು. ಬೇಡರು ಸೋತದ್ದು ಹೇಗೆ ಅನ್ನೋದಕ್ಕೆ ಅದೇ ಉತ್ತರ. ಅವರಿಗೆ ಮನೆಗಳಿದ್ದವು.

ಆ ಹಾಡು ನಮಗೆ ಉಳಿದ ಕತೆಯೂ ಸ್ವಾರಸ್ಯವಾಗಿದೆ. ಅದರ ಅಂಕಿತದಲ್ಲಿ ಈಗಿನ ಗದಗ ಜಿಲ್ಲೆಯ ಕುರ್ತಕೋಟಿಯ ಕಲ್ಮೇಶನ ಹೆಸರಿದೆ. ಅಂದರೆ ಸುದ್ದಿ ಘಟಪ್ರಭೆ, ಮಲಪ್ರಭೆ ಎರಡನ್ನೂ ದಾಟಿ ಹೋಗಿ ಹಾಡಾಗಿದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿದವರು ಜಾನ್ ಫೇತ್‌ಫುಲ್ ಫ್ಲೀಟ್, ನಮ್ಮ ಶಾಸನಗಳನ್ನು ಓದಿದ ಅದೇ ಫ್ಲೀಟ್. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳ ಸರಣಿ ಪ್ರಕಟಿಸಿದರು. ಊರು ಸುಟ್ಟ ಸರ್ಕಾರದ ನೌಕರಿಯಲ್ಲಿದ್ದ ಅಧಿಕಾರಿಯೇ ಊರು ಸುಟ್ಟ ಹಾಡನ್ನು ಉಳಿಸಿಕೊಟ್ಟ. ಇತಿಹಾಸ ಎಷ್ಟೋ ಸಲ ಹೀಗೇ, ನೇರ ದಾರಿಯಲ್ಲಿ ಬರೋದಿಲ್ಲ.

ಇನ್ನು ಗುಡ್ಡದ ಕತೆ. 1948ರ ಮಾರ್ಚಿನಲ್ಲಿ ಜಮಖಂಡಿ, ಮುಧೋಳ, ಸಾಂಗ್ಲಿ ಎಲ್ಲ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. 1956ರಲ್ಲಿ ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯ್ತು. ಇಷ್ಟು ಸರ್ಕಾರ ಬದಲಾದರೂ ಗುಡ್ಡದ ಮೇಲೆ ಒಂದು ಪ್ರಾಣಿ ಸದ್ದಿಲ್ಲದೆ ಉಳಿದುಕೊಂಡಿತ್ತು, ಚಿಂಕಾರ. ಜಿಂಕೆಗಿಂತ ಸಣ್ಣದು, ಒಣ ನೆಲದ ಬಣ್ಣದ್ದು, ಬಹಳ ಕಡಿಮೆ ನೀರಿನಲ್ಲಿ ಬದುಕಬಲ್ಲದು. ಊರಿಗೆ ಯಾವ ನೀರಿಲ್ಲದ ಗುಡ್ಡ ಆಸರೆ ಆಗಲಿಲ್ಲವೋ ಅದೇ ಗುಡ್ಡ ಇದಕ್ಕೆ ಆಸರೆ ಆಯ್ತು. 2016ರಲ್ಲಿ ಮುಧೋಳ, ಬೀಳಗಿ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಪ್ರದೇಶವನ್ನು ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಅಂತ ಘೋಷಿಸಿದರು. ತೋಳ, ಕತ್ತೆಕಿರುಬ ಕೂಡ ಇಲ್ಲಿವೆ.

ಇಲ್ಲಿ ಒಂದು ಮುಳ್ಳು ಇದೆ, ಟಯರಿಗೆ ಚುಚ್ಚುವ ಮುಳ್ಳಲ್ಲ. 1857ರಲ್ಲಿ ಬೇಟೆಗಾರರ ಕೈಯಿಂದ ಹತಾರ ಕಿತ್ತುಕೊಂಡರು. ಇವತ್ತು ಅದೇ ಗುಡ್ಡದಲ್ಲಿ ಬೇಟೆ ಅಪರಾಧ. ಎರಡೂ ಕಾನೂನೇ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ನನಗೆ ಮನಸ್ಸಿಲ್ಲ. ಮೊದಲನೆಯದು ದೊರೆಯ ಭಯದಿಂದ ಹುಟ್ಟಿದ್ದು, ಎರಡನೆಯದು ಮೂಕಪ್ರಾಣಿಯ ಉಳಿವಿಗಾಗಿ. ಆದರೂ ಗುಡ್ಡದ ಸುತ್ತಲಿನ ಹಳ್ಳಿಯವರಿಗೆ, ಕುರಿ ಕಾಯುವವರಿಗೆ "ಇನ್ನು ಮೇಲೆ ಇದು ನಿಮ್ಮದಲ್ಲ" ಅಂತ ಕೇಳಿಸದ ಹಾಗೆ ಎರಡನೆಯ ಕಾನೂನನ್ನು ನಡೆಸೋದು ಎಲ್ಲರ ಜವಾಬ್ದಾರಿ. ಆ ಮಾತನ್ನು ಈ ಸೀಮೆ ಒಮ್ಮೆ ಕೇಳಿಸಿಕೊಂಡಿದೆ.

ಸೈಕಲ್ಲಿನವರಿಗೂ ಇದರಲ್ಲಿ ಪಾಲಿದೆ. ಮೌಂಟನ್ ಬೈಕಿನ ಹುಟ್ಟು ಗೊತ್ತಲ್ಲ? 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಹುಡುಗರು 1930-40ರ ದಶಕದ ದಪ್ಪ ಟಯರಿನ ಹಳೆ ಶ್ವಿನ್ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದೊಂದು ರೇಸ್ ಆಯ್ತು, ಹೆಸರು ರೀಪ್ಯಾಕ್. ಒಂದೇ ಇಳಿತಕ್ಕೆ ಹಿಂದಿನ ಚಕ್ರದ ಬ್ರೇಕಿನ ಗ್ರೀಸ್ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. 1977ರಲ್ಲಿ ಜೋ ಬ್ರೀಜ್ ಇದಕ್ಕಾಗಿಯೇ ಹೊಸ ಫ್ರೇಮ್ ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಆಟ. ನನಗಂತೂ ಇದನ್ನು ಓದಿದಾಗ ನಮ್ಮೂರಿನ ಅಟ್ಲಾಸ್ ನೆನಪಾಯ್ತು. ಕ್ಯಾರಿಯರ್ ಮೇಲೆ ನೂಲಿನ ಗಂಟು ಹೇರಿಕೊಂಡು ಕಲ್ಲು ದಾರಿಯಲ್ಲಿ ಹೋಗುತ್ತಿದ್ದ ನೇಕಾರರಿಗೆ ಗೇರೂ ಇಲ್ಲ, ಸಸ್ಪೆನ್ಷನ್ನೂ ಇಲ್ಲ. ಅವರು ಯಾವುದಕ್ಕೂ ಹೆಸರಿಡಲಿಲ್ಲ ಅಷ್ಟೇ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಆ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ!

ಈ ಕಡೆ ಸೈಕಲ್ ಹುಚ್ಚು ಹಳೆಯದು. ನಮ್ಮ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆಯ ಜೊತೆ ಸೈಕಲ್ ರೇಸೂ ಇರುತ್ತೆ. ರಾಜ್ಯದ ಸೈಕ್ಲಿಂಗ್ ತಂಡಗಳಲ್ಲಿ ವಿಜಯಪುರ, ಬಾಗಲಕೋಟೆಯ ಹುಡುಗ-ಹುಡುಗಿಯರಿಗೆ ಬರವಿಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಗದಗದಲ್ಲೇ ನಡೆಯಿತು. ಹಾಗಾಗಿ ಇವತ್ತಲ್ಲ ನಾಳೆ ಯಾರಾದರೂ ಯಡಹಳ್ಳಿ ಗುಡ್ಡದೊಳಗೆ ಒಂದು ಟ್ರೇಲ್ ಮಾಡೋಣ ಅಂತ ಹೇಳಿಯೇ ಹೇಳುತ್ತಾರೆ.

ನನ್ನ ಮಾತು ಇಷ್ಟೇ. ಗುಡ್ಡದ ಸುತ್ತ ತುಳಿಯೋಣ, ಒಳಗೆ ಬೇಡ. ಮೌಂಟನ್ ಬೈಕ್ ಹುಟ್ಟಿದ ದೇಶದಲ್ಲೇ 1984ರಲ್ಲಿ ಅರಣ್ಯ ಇಲಾಖೆ ತನ್ನ ಕೈಕೆಳಗಿನ 'ವಿಲ್ಡರ್‌ನೆಸ್' ಪ್ರದೇಶಗಳಲ್ಲಿ ಸೈಕಲ್ಲಿಗೆ ಜಾಗವಿಲ್ಲ ಅಂತ ಸ್ಪಷ್ಟ ಮಾಡಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27 ಮತ್ತು 28ನೇ ಕಲಮುಗಳು ಹೇಳೋದೂ ಸುಲಭವಾಗಿದೆ: ಧಾಮದೊಳಗೆ ಹೋಗಲು ಪರವಾನಗಿ ಬೇಕು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ. ರಸ್ತೆಯಿಂದಲೇ ಗುಡ್ಡ ಚೆನ್ನಾಗಿ ಕಾಣುತ್ತೆ. ನಾನು ನೋಡಬೇಕಾಗಿದ್ದದ್ದೂ ಅಲ್ಲಿಂದಲೇ ಕಂಡಿತು. ಅಷ್ಟು ದೊಡ್ಡ ಗುಡ್ಡ, ಅದರ ಮಗ್ಗುಲಲ್ಲಿ ಅಷ್ಟು ಬಯಲಾಗಿ ಕೂತ ಒಂದು ಊರು.

ಹೋಗುವುದಾದರೆ ನವೆಂಬರಿನಿಂದ ಜನವರಿ ಒಳಗೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಸಾಹಸ ಬೇಡ. ನಸುಕಿನಲ್ಲಿ ಬೀಳಗಿ ಬಿಡಿ, ನೀರು ಜಾಸ್ತಿ ಇರಲಿ. ಮುಧೋಳದಲ್ಲಿ ಬೇಟೆ ನಾಯಿ ಮತ್ತು ಕವಿ ರನ್ನನ ಬಗ್ಗೆ ಎಲ್ಲರೂ ಹೇಳುತ್ತಾರೆ, ಕೇಳಿ. ಆದರೆ 1857ರ ಡಿಸೆಂಬರಿನ ಆ 13 ಜನರ ಬಗ್ಗೆ ನೀವೇ ಕೇಳಬೇಕು. ಕೇಳಿದರೆ ಯಾರಾದರೂ ಒಬ್ಬರು ಚಹಾ ಕೊಡಿಸಿ ಹೇಳುತ್ತಾರೆ, ನಮ್ಮ ಕಡೆ ಜನ ಹಾಗೆ.

ನಿಮ್ಮ ಊರಿನ ಹತ್ತಿರವೂ ಪಠ್ಯಪುಸ್ತಕದಲ್ಲಿ ಓದಿ ಮರೆತ ಇಂಥ ಒಂದು ಹಲಗಲಿ ಇರಬಹುದು. ಇದ್ದರೆ ಒಂದು ಭಾನುವಾರ ಹೋಗಿ ನೋಡಿ ಬನ್ನಿ, ಬಂದು ಬರೆಯಿರಿ. ಓದೋಕೆ ನಾನಂತೂ ಇದ್ದೀನಿ.